ಕಾವು ಬೇಕು, ಹೊಗೆ ಬೇಡ

ಡಿಸೆಂಬರ್ ೯, ೧೯೪೩, ಗುರುವಾರ

ಶಾಲೆಯ ಹಾಜರಿ ಪುಸ್ತಕದ ಹಿಂಬದಿಯ ಖಾಲಿ ಹಾಳೆಗಳಲ್ಲಿ ಬರೆಯುತ್ತಿದ್ದೇನೆ. ಇನ್‌ಸ್ಪೆಕ್ಟರ್ ಸಾಹೇಬರು ನೋಡಿ ಬೈದರೆ ಬೈಯಲಿ. ಎಲ್ಲಿಯಾದರೂ ಹೇಳಿಕೊಳ್ಳದಿದ್ದರೆ ತಲೆ ಕೆಟ್ಟುಹೋಗುತ್ತದೆ.

ತಂಗಿ ನಿಂಬೆವ್ವನಿಗೆ ಏಳನೆಯ ತಿಂಗಳು, ಸೀಮಂತದ ಕುಬಸ ಮುಗಿದಿತ್ತು. ಅವ್ವ ಇದ್ದಿದ್ದರೆ ಹೆರಿಗೆಗೆ ಕರೆತರಲು ಅವ್ವನೇ ಹೋಗುತ್ತಿದ್ದಳು. ಇಲ್ಲವಾದ್ದರಿಂದ ನಾನೇ ಹೋಗಿ, ಜೇವರ್ಗಿ ಕಡೆಯ ಅವಳ ಗಂಡನ ಮನೆಯಿಂದ ಸಿಂದಗಿ ಕಡೆಯ ನಮ್ಮೂರಿಗೆ ಗಾಡಿಯಲ್ಲಿ ಕರೆತರುತ್ತಿದ್ದೆ. ನಿಜಾಮರ ಸೀಮೆ ಮುಗಿಯುವ ಹತ್ತಿರ ಅವಳಿಗೆ ನೋವು ಶುರುವಾಯಿತು. ಹಾದಿಯ ಮೇಲೆ ಇದ್ದದ್ದು ಹಳೆ ನಾಕಾ ಒಂದೇ. ಹಿಂದೆ ಗಾಡಿಗಳನ್ನು ತಡೆದು ಸುಂಕ ತೆಗೆದುಕೊಳ್ಳುತ್ತಿದ್ದ ಕಟ್ಟಡ ಅದು. ನಾಕಾ ಬೇರೆ ರಸ್ತೆಗೆ ಹೋಗಿ ಆರು ವರ್ಷವಾಯಿತಂತೆ. ಅಲ್ಲಿ ಸಿಪಾಯಿಯಾಗಿದ್ದ ಅಬ್ದುಲ್ ಗನಿ ಮಾತ್ರ ಎಲ್ಲಿಗೂ ಹೋಗದೆ, ಸರಕು ಇಳಿಸುವ ಪಡಸಾಲೆಗೆ ನಡುವೆ ಒಂದು ಗೋಡೆ ಹಾಕಿ ಅದನ್ನೇ ಮನೆ ಮಾಡಿಕೊಂಡು ಕೂತಿದ್ದಾನೆ. ನಿನ್ನೆ ಹೊತ್ತು ಮುಳುಗುವಾಗ ನಿಂಬೆವ್ವ ಅಲ್ಲಿ ಹೆತ್ತಳು. ಅವನ ಹೆಂಡತಿ ಕೂಸು ಹಿಡಿದಳು.

ಹೆಣ್ಣು. ತಲೆ ನನ್ನ ಮುಷ್ಟಿಯಷ್ಟಿದೆ. ಅಳುವ ಶಕ್ತಿಯೂ ಅದಕ್ಕಿಲ್ಲ.

ಮೊದಲಿನ ಎರಡೂ ಉಳಿಯಲಿಲ್ಲ. ಇದಾದರೂ ಉಳಿಯಬೇಕು. ಉಳಿಯದಿದ್ದರೆ ನಿಂಬೆವ್ವನ ಮುಖ ನಾನು ಹೇಗೆ ನೋಡಲಿ?

ತಪ್ಪು ಗಾಡಿಯವನದು. ಹುಚ್ಚನ ಹಾಗೆ ಹೊಡೆದ. ಅವನ ಕೈಯಲ್ಲೇ ಅಳಿಯನಿಗೆ, ನಿಂಬೆವ್ವನ ಗಂಡ ಭೀಮಶಾನಿಗೆ, ಸುದ್ದಿ ಕಳಿಸಿದ್ದೇನೆ.

ನೀರನ್ನು ನಾನೇ ಹಳ್ಳದಿಂದ ನನ್ನ ತಂಬಿಗೆಯಲ್ಲಿ ತಂದು, ಹೊರಗೆ ಮೂರು ಕಲ್ಲು ಹೂಡಿ ಗಂಜಿ ಕಾಯಿಸಿದೆ. ಆ ಹೆಂಗಸು ರೊಟ್ಟಿ ತಂದಿದ್ದಳು, ಬೇಡವೆಂದೆ. ಉಪಕಾರ ಬೇರೆ, ಊಟ ಬೇರೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ಅಷ್ಟಾದರೂ ನೋಡಿಕೊಳ್ಳಬೇಕು.

ಡಿಸೆಂಬರ್ ೧೦, ಶುಕ್ರವಾರ

ಬಾಣಂತಿ ಮಲಗುವ ಹೊರಸಿನ ಕೆಳಗೆ ಬೆಂಕಿ ಇಡುವುದು ಎಲ್ಲ ಕಡೆ ಇದ್ದದ್ದೇ. ಆ ಹೆಂಗಸು, ಪ್ಯಾರಿಬಿ ಎಂದು ಹೆಸರು, ಒಡೆದ ಗಡಿಗೆಯಲ್ಲಿ ಸಗಣಿ ಕುಳ್ಳಿನ ಕೆಂಡ ತುಂಬಿ ಇಟ್ಟು ಬಾಗಿಲು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ನಿಂಬೆವ್ವ ಚೀರಿದಳು. ಒಳಗೆ ಹೋಗಿ ನೋಡಿದರೆ ಕೋಣೆಯ ತುಂಬ ಹೊಗೆ, ಕೂಸಿನ ತುಟಿ ನೀಲಿ. ಗಡಿಗೆಯನ್ನು ಕಾಲಿನಿಂದಲೇ ಹೊರಗೆ ತಳ್ಳಿ ಬಾಗಿಲು ತೆರೆದೆವು. ಉಸಿರು ಬಂತು. ಆದರೆ ಚಳಿಗಾಳಿಯೂ ಬಂತು. ಗಳಿಗೆಯೊಳಗೆ ಕೂಸಿನ ಕಾಲು ತಣ್ಣಗೆ ಕಲ್ಲಾದವು.

ಇಡೀ ದಿನ ಇದೇ ಆಟ. ಬಾಗಿಲು ಮುಚ್ಚು, ತೆಗೆ, ಮುಚ್ಚು, ತೆಗೆ.

ಪ್ಯಾರಿಬಿ ಅರಳೆಯಲ್ಲಿ ಕೂಸನ್ನು ಸುತ್ತಿ ಬುಟ್ಟಿಯಲ್ಲಿ ಮಲಗಿಸಿ ಹೇಳಿದಳು: “ಇದಕ್ಕ ಕಾವು ಬೇಕ್ರಿ ಮಾಸ್ತರ್ರ, ಹೊಗಿ ಬ್ಯಾಡ. ಹೊಗಿ ಇಲ್ದ ಬೆಂಕಿ ಎಲ್ಲಿಂದ ತರೂದು?”

ಬೇರೆ ಗಾಡಿ ಹಿಡಿದು ಗುಲಬರ್ಗಾದ ದವಾಖಾನೆಗೆ ಒಯ್ಯೋಣವೆಂದೆ. “ಹಾದ್ಯಾಗ ಸಾಯ್ತದ,” ಎಂದಳು. ಮುಖದ ಮೇಲೆ ಹೊಡೆದ ಹಾಗೆ ಹೇಳುತ್ತಾಳೆ.

ಡಿಸೆಂಬರ್ ೧೨, ರವಿವಾರ

ಸಿಕ್ಕಿತು! ನಿನ್ನೆಯಿಂದ ತಲೆ ಕೆರೆದುಕೊಂಡದ್ದು ದಂಡವಾಗಲಿಲ್ಲ.

ಹಿಂದೊಮ್ಮೆ ಶಹಾಬಾದಿಗೆ ಹೋದಾಗ ಒಬ್ಬ ರೈಲ್ವೆ ಇಂಜಿನಿಯರನ ಬಂಗಲೆಯಲ್ಲಿ ಕಬ್ಬಿಣದ ಒಲೆ ನೋಡಿದ್ದೆ. ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆ, ಮುಂದೆ ಕಟ್ಟಿಗೆ ಹಾಕಲು ಸಣ್ಣ ಬಾಗಿಲು, ಮೇಲೆ ಒಂದು ಕೊಳವೆ. ಹೊಗೆಯೆಲ್ಲ ಕೊಳವೆಯಿಂದ ಹೊರಗೆ, ಕಾವು ಒಳಗೆ. ಅದನ್ನೇ ಇಲ್ಲಿ ಮಾಡುತ್ತೇನೆ. ಯುದ್ಧದ ಕಾಲ, ಕಬ್ಬಿಣ ಸಿಗುವುದಿಲ್ಲ. ಸಿಗದಿದ್ದರೇನು, ಅಂಗಳದಲ್ಲಿ ಸರಕು ಇಡುತ್ತಿದ್ದ ಫರಸಿ ಕಲ್ಲಿನ ಚಪ್ಪಡಿಗಳು ರಾಶಿ ಬಿದ್ದಿವೆ. ನಮ್ಮ ಸೀಮೆಯಲ್ಲಿ ಫರಸಿಯಿಂದ ಆಗದ್ದು ಯಾವುದಿದೆ? ನೆಲ ಫರಸಿ, ಮಾಳಿಗೆಯ ಛತ್ತು ಫರಸಿ, ದನ ನೀರು ಕುಡಿಯುವ ಡೋಣಿಯೂ ಫರಸಿ. ಒಲೆಯೂ ಆಗಲಿ.

ಕೊಳವೆಗೆ ಘಾಸಲೇಟ್ ಎಣ್ಣೆಯ ಹಳೆ ಡಬ್ಬಿ ಬಿಚ್ಚಿ ಸುತ್ತಿಕೊಡುತ್ತೇನೆಂದು ಅಬ್ದುಲ್ ಗನಿ ಒಪ್ಪಿದ. ಆದರೆ ಅದನ್ನು ಛತ್ತಿನಿಂದ ಹೊರಗೆ ತೆಗೆಯಬೇಕು ಅಂದ ಕೂಡಲೇ ಮುದುಕ ನೆಟ್ಟಗೆ ನಿಂತ.

“ಛತ್ತು ಸರಕಾರದ್ದು ಅದರಿ. ಮಂಜೂರಿ ಇಲ್ದ ತೂತ ಹ್ಯಾಂಗ ಹೊಡೀಲಿ?”

“ನೀ ಇಲ್ಲಿ ಇರಾಕ ಮಂಜೂರಿ ಐತೇನು?”

“ಅದು ಬ್ಯಾರೆರಿ. ನಾ ಇಲ್ಲಿ ಛತ್ತು ಕಾಯಾಕತ್ತೇನಿ.”

ಈ ಮನುಷ್ಯನ ಜೊತೆ ವಾದ ಮಾಡುವುದಕ್ಕಿಂತ ಗೋಡೆಯ ಜೊತೆ ಮಾಡಬಹುದು. ಕೊಳವೆಯನ್ನು ಕಿಟಕಿಯಿಂದ ಹೊರಗೆ ಹಾಕುವುದೆಂದು ಆಯಿತು.

ಪ್ಯಾರಿಬಿ ಫರಸಿಯನ್ನು ಬೆರಳಿನಿಂದ ಬಡಿದು ನೋಡಿ, “ಇದು ಬೆಂಕಿಗಿ ಒಗ್ಗೂದಿಲ್ರಿ. ಸುಣ್ಣದ ಭಟ್ಟಿಗಿ ಹಾಕೂ ಕಲ್ಲು ಇದು,” ಎಂದಳು. ಒಲೆ ಹಾಕುವುದು ಹೆಂಗಸರ ಕೆಲಸ, ನಿಜ. ಆದರೆ ಇದು ರೊಟ್ಟಿ ಸುಡುವ ಒಲೆಯಲ್ಲ. ಅವಳಿಗೆ ಹಾಗೇ ಹೇಳಿದೆ.

ಡಿಸೆಂಬರ್ ೧೪, ಮಂಗಳವಾರ

ಒಲೆ ಉರಿಯುತ್ತಿದೆ! ಕೋಣೆ ಬೆಚ್ಚಗಿದೆ. ಗಾಳಿ ತಿರುಗಿದಾಗ ಕಿಟಕಿಯಿಂದ ಸ್ವಲ್ಪ ಹೊಗೆ ವಾಪಸು ಬರುತ್ತದೆ, ಅಷ್ಟೆ. ಕೂಸಿನ ಅಂಗಾಲು ಮುಟ್ಟಿ ನೋಡಿದೆ, ಬೆಚ್ಚಗಿತ್ತು. ನಿಂಬೆವ್ವ ಹಾಲು ಹಿಂಡಿ ಕೊಟ್ಟಳು, ಪ್ಯಾರಿಬಿ ಹತ್ತಿಯ ಬತ್ತಿಯಿಂದ ಹನಿ ಹನಿಯಾಗಿ ಬಾಯಿಗೆ ಬಿಟ್ಟಳು. ನುಂಗಿತು. ಮಾಸ್ತರನ ತಲೆಯಲ್ಲಿ ಬರೀ ಮಗ್ಗಿ ಇಲ್ಲ ಎಂದು ಇವರಿಗೆ ಈಗಲಾದರೂ ತಿಳಿದಿರಬೇಕು.

ಅಳಿಯದೇವರಿಂದ ಸುದ್ದಿ ಬಂತು. ಭೀಮಶಾ ಹೇಳಿ ಕಳಿಸಿದ್ದಾನೆ: “ಖಾತ್ರಿ ಆದಮ್ಯಾಲ ಹೇಳಿ ಕಳಸ್ರಿ, ಬರ್ತೇನಿ.” ಏನು ಖಾತ್ರಿ? ಎತ್ತು ಕೊಳ್ಳಲು ಹೊರಟಿದ್ದಾನೆಯೇ, ಹಲ್ಲು ನೋಡಿ ಖಾತ್ರಿ ಮಾಡಿಕೊಳ್ಳಲಿಕ್ಕೆ? ಹೆಂಡತಿ ಇಲ್ಲಿ ಜೀವ ಹಿಡಿದುಕೊಂಡಿದ್ದಾಳೆ. ನಿಂಬೆವ್ವನಿಗೆ ನಾನು ಹೇಳಲಿಲ್ಲ. ಹೊಲದ ಕೆಲಸವಿದೆಯಂತೆ, ಬರುತ್ತಾನಂತೆ ಎಂದೆ. ಅವಳು ನಂಬಿದ ಹಾಗೆ ಮಾಡಿದಳು.

ಡಿಸೆಂಬರ್ ೧೫, ಬುಧವಾರ

ಒಲೆ ಸಿಡಿಯಿತು.

ಡಿಸೆಂಬರ್ ೧೬, ಗುರುವಾರ

ನಿನ್ನೆ ಅಷ್ಟೇ ಬರೆದು ಪುಸ್ತಕ ಮುಚ್ಚಿದೆ. ಇವತ್ತು ಬರೆಯುತ್ತೇನೆ.

ಬೆಳಿಗ್ಗೆ ಕಟ್ಟಿಗೆ ಹಾಕಿ ಎದ್ದು ತಿರುಗಿದ್ದೆನಷ್ಟೆ. ಬಂದೂಕು ಹಾರಿದಂಥ ಸದ್ದು. ಮೇಲಿನ ಫರಸಿ ಒಡೆದು, ಒಂದು ಚಕ್ಕೆ ನನ್ನ ಕಿವಿಯ ಪಕ್ಕದಿಂದ ಹೋಗಿ ಎದುರು ಗೋಡೆಗೆ ಬಡಿಯಿತು. ಕೊಳವೆ ಬಿತ್ತು. ಕೋಣೆಯ ತುಂಬ ಹೊಗೆ, ಬೂದಿ, ಕೆಂಡ. ನಿಂಬೆವ್ವ ಬುಟ್ಟಿಯ ಮೇಲೆ ಬೋರಲು ಬಿದ್ದುಕೊಂಡಿದ್ದಳು, ಬೆನ್ನ ಮೇಲೆ ಸೀರೆ ಸುಡುತ್ತಿತ್ತು. ನಾನು ಕಂಬದ ಹಾಗೆ ನಿಂತಿದ್ದೆ. ಪ್ಯಾರಿಬಿ ಓಡಿಬಂದು ಅವಳ ಬೆನ್ನ ಮೇಲಿನ ಬೆಂಕಿಯನ್ನು ಕೈಯಿಂದಲೇ ಬಡಿದು ಆರಿಸಿ, ಬುಟ್ಟಿ ಎತ್ತಿಕೊಂಡು ಅಂಗಳಕ್ಕೆ ಹೋದಳು. ಕೂಸು ಉಸಿರಾಡುತ್ತಿರಲಿಲ್ಲ. ಅದರ ಬಾಯಿಗೆ ಬಾಯಿಟ್ಟು ಊದಿದಳು, ಅಂಗಾಲಿಗೆ ಬೆರಳಿನಿಂದ ಹೊಡೆದಳು, ಮತ್ತೆ ಊದಿದಳು. ಎಷ್ಟು ಹೊತ್ತೋ ನನಗೆ ಗೊತ್ತಿಲ್ಲ. ಕೊನೆಗೆ ಕುಂಯ್ ಎಂದಿತು.

ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಇನ್ನೊಂದು ಮಾತನ್ನೂ ಬರೆದುಬಿಡುತ್ತೇನೆ. ಗಾಡಿಯವನದು ತಪ್ಪಲ್ಲ. ಕತ್ತಲಾಗುವುದರೊಳಗೆ ಸೀಮೆ ದಾಟಬೇಕೆಂದು ಹೊಡಿ, ಹೊಡಿ ಎಂದು ಅವಸರ ಮಾಡಿದವನು ನಾನು. ಮರುದಿನ ಶಾಲೆ ತೆರೆಯಬೇಕಿತ್ತು. “ಅಣ್ಣ, ಸ್ವಲ್ಪ ಮೆಲ್ಲಕ,” ಎಂದು ನಿಂಬೆವ್ವ ಎರಡು ಸಲ ಅಂದಳು. ಎರಡು ಸಲವೂ ಕೇಳಿಸಿಕೊಂಡೆ. ಅವಳನ್ನು ಹಾದಿಯಲ್ಲಿ ಹೆರುವಂತೆ ಮಾಡಿದವನು ನಾನು. ನಿನ್ನೆ ಆ ಕೂಸನ್ನು ಕೊಲ್ಲಲು ಹೊರಟವನೂ ನಾನೇ.

ಡಿಸೆಂಬರ್ ೧೭, ಶುಕ್ರವಾರ

ಪ್ಯಾರಿಬಿ ಒಲೆ ಹಾಕಲು ಶುರುಮಾಡಿದಳು. ನಾನು ಈಗ ಹೇಳಿದ್ದು ಮಾಡುವ ಆಳು. ಹೊಲದ ಬದುವಿನ ಹಳೆ ಹುತ್ತದ ಮಣ್ಣು ತಾ ಎಂದಳು, ಕೈ ಮುಗಿದು ಅಗೆದು ತಂದೆ. ಕತ್ತೆಯ ಲದ್ದಿ, ಜೋಳದ ಹೊಟ್ಟು ಹಾಕಿ ತುಳಿ ಎಂದಳು, ಧೋತರ ಎತ್ತಿ ಕಟ್ಟಿ ತುಳಿದೆ. ನನ್ನ ಪೆಟ್ಟಿಗೆಯ ಲೆಕ್ಕಾಚಾರವನ್ನೇ ಇಟ್ಟುಕೊಂಡಳು. ಕಲ್ಲಿನ ಬದಲು ಗೇಣು ದಪ್ಪದ ಮಣ್ಣಿನ ಗೋಡೆ. ಕೊಳವೆ ಛತ್ತಿಗೇ ಹೋಗಬೇಕೆಂದಳು. ಅಬ್ದುಲ್ ಗನಿ ಕೆಮ್ಮಿದ. ಅವಳು ಅವನ ಕಡೆ ಒಮ್ಮೆ ನೋಡಿದಳು, ಅಷ್ಟೇ. ಮುದುಕ ಹಾರೆ ತೆಗೆದುಕೊಂಡು ಮೇಲೆ ಹತ್ತಿದ. “ಸರಕಾರ ಕೇಳಿದ್ರ ಸಿಡ್ಲು ಬಿತ್ತು ಅಂತ ಬರಸ್ತೇನಿ,” ಎಂದು ಮೇಲಿನಿಂದ ಕೂಗಿದ. ಡಿಸೆಂಬರಿನಲ್ಲಿ ಸಿಡಿಲು!

“ಎಂಟ್ ದಿನ ನೆಳ್ಳಾಗ ಒಣಗಬೇಕ್ರಿ,” ಎಂದಳು ಪ್ಯಾರಿಬಿ. “ಹಸಿ ಇದ್ದಾಗ ಬೆಂಕಿ ಹಾಕಿದ್ರ ಇದೂ ಬಿರೀತದ.”

“ಎಂಟ್ ದಿನ ಕೂಸಿಗಿ ಏನ್ ಮಾಡೂದು?”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಅಂಗಿ ಬಿಚ್ರಿ, ಮಾಸ್ತರ್ರ.”

ಯಾಕೆಂದು ಕೇಳಿದೆ. “ನಿಮ್ಮ ಮೈಯಾಗ ಕಾವು ಐತಿಲ್ಲೋ? ಹೊಗಿ ಅಂತೂ ಇಲ್ಲ. ಆಕಿಗಿ ಜ್ವರ, ಸುಟ್ಟ ಬೆನ್ನು. ನಾ ಒಬ್ಬಾಕಿ ಎಷ್ಟು ಹೊತ್ತು ಹೊರಲಿ? ಒಲಿ ಯಾರು ನೋಡಬೇಕು?”

ಗಂಡಸರು ಮಾಡುವ ಕೆಲಸವೇ ಇದು? ಊರಲ್ಲಿ ಯಾರಾದರೂ ಕೇಳಿದರೆ ನಾನು ತಲೆ ಎತ್ತಿ ಓಡಾಡುವಂತಿಲ್ಲ. ಅಂಗಿ ಬಿಚ್ಚಿದೆ.

ಕೂಸನ್ನು ನನ್ನ ಎದೆಯ ಮೇಲೆ ಇಟ್ಟಳು. ಸಿಪ್ಪೆ ಸುಲಿದ ಹಾಗಿರುವ ಮೈ. ಮೇಲೆ ಅಂಗಿ ಹಾಕಿ, ಅದರ ಮೇಲೆ ಕೌದಿ ಸುತ್ತಿದಳು. ಕೊರಳಲ್ಲಿದ್ದ ಲಿಂಗದ ಕರಡಿಗೆ ಅದರ ತಲೆಗೆ ಒತ್ತುತ್ತಿತ್ತು. ಬೆನ್ನಿಗೆ ಸರಿಸಿದೆ.

ಡಿಸೆಂಬರ್ ೧೮

ಒಂದೇ ಕೈಯಲ್ಲಿ ಬರೆಯಬೇಕು. ಬೆಳಿಗ್ಗೆಯಿಂದ ಸಂಜೆಯವರೆಗೆ ನಾನು, ಆಮೇಲೆ ಪ್ಯಾರಿಬಿ. ಕೂತೇ ಇರಬೇಕು. ಸೊಂಟ ಹೋಯಿತು.

ಡಿಸೆಂಬರ್ ೨೦

ಉಸಿರು ನಡುನಡುವೆ ನಿಲ್ಲುತ್ತದೆ. ಅಂಗಾಲಿಗೆ ಬೆರಳಿನಿಂದ ಹೊಡೆದರೆ ಮತ್ತೆ ಶುರುವಾಗುತ್ತದೆ. ಇವತ್ತು ನಾಲ್ಕು ಸಲ. ನನ್ನ ಉಸಿರನ್ನೂ ಹಿಡಿದು ಎಣಿಸುತ್ತೇನೆ. ಬಿಡಬೇಡ ತಾಯಿ, ಇನ್ನೊಂದು ತೆಗೆದುಕೋ, ಇನ್ನೊಂದು. ನನಗೆ ಬೇರೆ ಪ್ರಾರ್ಥನೆ ಬರುವುದಿಲ್ಲ.

ಒಲೆ ಇನ್ನೂ ಹಸಿ. ಮುಟ್ಟಿದರೆ ಬೆರಳು ಮೂಡುತ್ತದೆ.

ಡಿಸೆಂಬರ್ ೨೨, ಬುಧವಾರ

ನಿಂಬೆವ್ವ ಇವತ್ತು ಮಾತಾಡಿದಳು. ಐದಾರು ದಿನದಿಂದ ಜ್ವರದಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದವಳು ಹಾಗೆಯೇ ಹೇಳಿದಳು:

“ಅಣ್ಣ, ಹೋಗಿಬಿಟ್ರ ನನಗ ತೋರಸಬ್ಯಾಡ. ಸೀದಾ ಒಯ್ದು ಮಣ್ಣು ಮಾಡು. ಎರಡು ನೋಡೇನಿ. ಮೂರನೇದ್ದು ನನ್ನಿಂದ ಆಗೂದಿಲ್ಲ.”

“ಹಂಗ ಅನಬ್ಯಾಡಬೇ. ಉಸರಾಡಾಕತ್ತದ ನೋಡು ಇಲ್ಲೆ.”

“ನಾ ನೋಡೂದಿಲ್ಲ.”

ನಾನು ಅತ್ತೆ. ಅತ್ತರೆ ಎದೆ ಅಲುಗಾಡಿ ಕೂಸಿಗೆ ತ್ರಾಸಾಗುತ್ತದೆ ಎಂದು ಪ್ಯಾರಿಬಿ ಗದರಿದಳು. ಅಳುವುದನ್ನೂ ನಿಲ್ಲಿಸಿದೆ.

ಇವತ್ತು ನನಗೆ ಹೊರಗೆ ಹೋಗಿ ಬೇಯಿಸಿಕೊಳ್ಳಲಾಗಲಿಲ್ಲ. ಎರಡೂ ಕೈ ಕೂಸಿನ ಮೇಲಿದ್ದವು. ಪ್ಯಾರಿಬಿ ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿ, ತುತ್ತು ಮಾಡಿ ಬಾಯಿಗಿಟ್ಟಳು. ಖಾರ ಜಾಸ್ತಿಯಾಗಿತ್ತು. ನಾಳೆ ಕಡಿಮೆ ಹಾಕು ಎಂದು ಹೇಳಬೇಕು.

ಡಿಸೆಂಬರ್ ೨೩

ಆರು ಸಲ ನಿಂತಿತು. ಆರನೆಯದು ಬಹಳ ಹೊತ್ತು. ಪ್ಯಾರಿಬಿ ಹಾಲು ತರಲು ಹೋಗಿದ್ದಳು. ನಾನೇ ಬಾಯಿಗೆ ಬಾಯಿಟ್ಟು ಊದಿದೆ. ಬಂತು.

ಇನ್ನು ನನ್ನಿಂದ ಆಗುವುದಿಲ್ಲ. ಆಗುವುದಿಲ್ಲ ಎಂದು ಯಾರಿಗೆ ಹೇಳಲಿ? ಹೇಳಿದರೂ ಕೂಸನ್ನು ಎಲ್ಲಿ ಇಡಲಿ?

ಡಿಸೆಂಬರ್ ೨೫

ಒಲೆಯ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು. ಪ್ಯಾರಿಬಿ ಆಪಾ, ಈಗ ನನಗೂ ಅಕ್ಕನೇ, ಸಗಣಿ ಬೆರೆಸಿದ ಮಣ್ಣಿನಿಂದ ಸಾರಿಸಿದಳು. ನಾಳೆ ಹಚ್ಚುವುದು. ನನಗೆ ಬೆಂಕಿ ನೋಡಲೇ ಭಯ.

ಡಿಸೆಂಬರ್ ೨೭, ಎಳ್ಳ ಅಮಾವಾಸ್ಯೆ

ನಿನ್ನೆ ಹಚ್ಚಿದೆವು. ಮೊದಲು ಒಂದು ಹಿಡಿ ಹತ್ತಿಕಡ್ಡಿ, ಸಂಜೆಗೆ ಒಂದು ತುಂಡು ಜಾಲಿ ಕಟ್ಟಿಗೆ. ನಾನು ಕೂಸನ್ನು ಹೊತ್ತುಕೊಂಡು ಅಂಗಳದ ಆಚೆ, ರಸ್ತೆಯ ಮೇಲೆ ನಿಂತಿದ್ದೆ. ಒಳಗೆ ಬಾ ಎಂದು ಆಪಾ ಎಷ್ಟು ಕರೆದರೂ ಹೋಗಲಿಲ್ಲ. ಅಬ್ದುಲ್ ಗನಿ ಛತ್ತಿನ ಮೇಲೆ ಕೂತು ಕೊಳವೆಯಿಂದ ಹೊಗೆ ಬರುವುದನ್ನು ಕಾವಲು ಕಾಯುತ್ತಿದ್ದ. “ಬಂತು! ಬಂತ್ರೀ!” ಎಂದು ಕೂಗಿದ. ಯಾವ ನವಾಬರ ಸವಾರಿ ಬಂತೋ ಎನ್ನಬೇಕು.

ಕತ್ತಲಾದಮೇಲೆ ಚಳಿ ತಡೆಯದೆ ಒಳಗೆ ಹೋದೆ. ಗೋಡೆ, ನೆಲ, ಹೊರಸು, ಎಲ್ಲ ಬೆಚ್ಚಗೆ. ಕಣ್ಣು ಉರಿಯಲಿಲ್ಲ. ಹೊಗೆಯ ವಾಸನೆಯೂ ಇರಲಿಲ್ಲ. ಮಣ್ಣಿಗೆ ಕೈಯಿಟ್ಟೆ, ಹದವಾದ ಕಾವು, ಮೈಯದೇ ಕಾವಿನ ಹಾಗೆ. ಬೆಂಕಿ ಆರಿದ ಮೇಲೂ ಬೆಳಗಿನವರೆಗೆ ಹಾಗೇ ಇತ್ತು.

ಇವತ್ತು ಊರಲ್ಲೆಲ್ಲ ಹೊಲಕ್ಕೆ ಚರಗದ ಎಡೆ ಚೆಲ್ಲಲು ಹೋಗಿರುತ್ತಾರೆ. ಆಪಾ ಸಜ್ಜೆರೊಟ್ಟಿ, ಭಜ್ಜಿಪಲ್ಯ ಮಾಡಿದ್ದಳು. ನಮ್ಮವರ ಹಾಗೆ ಬರುವುದಿಲ್ಲವೆಂದು ನಾಚಿಕೊಂಡಳು. ಮೂರು ರೊಟ್ಟಿ ತಿಂದೆ.

ಡಿಸೆಂಬರ್ ೨೯

ಬುಟ್ಟಿಯನ್ನು ಒಲೆಯ ಪಕ್ಕ ಇಟ್ಟು ಮಲಗಿಸಿದರೆ ಮೈ ಬೆಚ್ಚಗಿರುತ್ತದೆ, ಆದರೆ ಉಸಿರು ತಪ್ಪುತ್ತದೆ. ಎದೆಯ ಮೇಲಿದ್ದರೆ ಈಗ ಅಷ್ಟು ತಪ್ಪುವುದಿಲ್ಲ. ಬುಟ್ಟಿಯ ಮೇಲೆ ನಂಬಿಕೆ ಇಡುವ ಹಾಗಿಲ್ಲ. ಕೋಣೆ ಬೆಚ್ಚಗಾದದ್ದರಿಂದ ನಮಗೆ ಕೌದಿ ಬೇಡವಾಯಿತು, ಅಂಗಿ ಸಾಕು. ಒಲೆಗೆ ಬೆನ್ನು ಕೊಟ್ಟು ಕೂರುತ್ತೇನೆ. ಎದೆಯ ಮೇಲಿನ ಆಕೆ ಮುಂದೆ, ಒಲೆ ಹಿಂದೆ.

ಜನವರಿ ೪, ೧೯೪೪, ಮಂಗಳವಾರ

ನಾಲ್ಕು ದಿನದಿಂದ ಉಸಿರು ಒಮ್ಮೆಯೂ ನಿಂತಿಲ್ಲ. ಬರೆಯಲು ಹೆದರಿಕೆ, ದೃಷ್ಟಿ ತಾಗೀತೆಂದು. ಬರೆದೆ.

ಇವತ್ತು ನನ್ನ ಎದೆಯ ಮೇಲೆ ಬಾಯಿ ಆಡಿಸಿ ಹಾಲು ಹುಡುಕಿದಳು. ಹುಚ್ಚಿ. ತೆಗೆದುಕೊಂಡು ಹೋಗಿ ನಿಂಬೆವ್ವನ ಪಕ್ಕ ಕೂತೆ. “ನೋಡಬ್ಯಾಡ, ಹಾಲು ಕುಡಸು ಅಷ್ಟ,” ಎಂದೆ. ಕಣ್ಣು ಮುಚ್ಚಿಕೊಂಡೇ ತೆಗೆದುಕೊಂಡಳು. ಆಕೆ ಬತ್ತಿ ಇಲ್ಲದೆ ತಾನೇ ಚೀಪಿದಳು, ಚಪ್ ಚಪ್ ಎಂದು ಸದ್ದು. ಆಗ ನಿಂಬೆವ್ವ ಕಣ್ಣು ತೆರೆದು ನೋಡಿದಳು. ಬಹಳ ಹೊತ್ತು ನೋಡಿದಳು.

ಭೀಮಶಾನಿಗೆ ಹೇಳಿ ಕಳಿಸಿದೆ: ಖಾತ್ರಿಯಾಗಿದೆ, ಬಾ. ಇನ್ನೂ ಎರಡು ಕೆಟ್ಟ ಮಾತು ಸೇರಿಸಬೇಕೆಂದಿದ್ದೆ, ಬಿಟ್ಟೆ.

ಜನವರಿ ೧೫, ಶನಿವಾರ

ಭೀಮಶಾ ಬೆಳಿಗ್ಗೆ ಬಂದ. ಬೈಯಬೇಕೆಂದು ಒಂದು ತಿಂಗಳಿಂದ ಮಾತು ಕೂಡಿಟ್ಟಿದ್ದೆ. ಆರಡಿ ಆಳು, ಬಾಗಿಲ ಹೊರಗೇ ನಿಂತ. ಒಳಗೆ ಬರಲಿಲ್ಲ.

“ಐತೇನ್ರಿ ಇನ್ನಾ?” ಎಂದ.

“ಇದ್ದಾಳ. ಒಳಗ ಬಾ.”

“ಮದಲಿನ ಎರಡೂ ನಾನ ಒಯ್ದು ಮಣ್ಣಾಗ ಇಟ್ಟೇನಿ, ಮಾಸ್ತರ್ರ. ಈ ಕೈಯಿಂದ.” ಕೈ ಚಾಚಿ ತೋರಿಸಿದ. “ಇದನ್ನ ಮುಟ್ಟಾಕ ನನಗ ಹೆದರಕಿ.”

ಕೂಡಿಟ್ಟ ಬೈಗುಳಗಳೆಲ್ಲ ಎಲ್ಲಿಗೆ ಹೋದವೋ. ಒಳಗೆ ಕರೆದು ಒಲೆಯ ಪಕ್ಕ ಕೂರಿಸಿದೆ. “ಅಂಗಿ ಬಿಚ್ಚು,” ಎಂದೆ. ಅವನಿಗೆ ತಿಳಿಯಲಿಲ್ಲ. ಗುಂಡಿಗಳನ್ನು ನಾನೇ ಬಿಚ್ಚಿದೆ, ಅವನ ಕರಡಿಗೆಯನ್ನು ಬೆನ್ನಿಗೆ ಸರಿಸಿದೆ, ಆಕೆಯನ್ನು ತೆಗೆದು ಅವನ ಎದೆಯ ಮೇಲೆ ಇಟ್ಟೆ. ತಲೆಯನ್ನು ಎಡಕ್ಕೆ ತಿರುಗಿಸಬೇಕು, ಬಲಕ್ಕೆ ಆದರೆ ಮೂಗು ಒತ್ತುತ್ತದೆ, ಎಂದು ಹೇಳಿಕೊಟ್ಟೆ. ಹೊಸ ಎದೆ, ಸ್ವಲ್ಪ ಮಿಸುಕಾಡಿದಳು, ಆಮೇಲೆ ಮಲಗಿದಳು. ಭೀಮಶಾ ಉಸಿರು ಬಿಗಿಹಿಡಿದು ಕೂತಿದ್ದ. “ಉಸರಾಡೊ, ನೀ ಆಡಿದ್ರನ ಆಕಿ ಆಡ್ತಾಳ,” ಎಂದೆ. ಅವನ ಕಣ್ಣಿಂದ ನೀರು ಸುರಿದು ಗಡ್ಡಕ್ಕೆ ಇಳಿಯಿತು, ಒರೆಸಿಕೊಳ್ಳಲು ಕೈ ಎತ್ತಲಿಲ್ಲ. ನಿಂಬೆವ್ವ ಎದ್ದು ತನ್ನ ಸೆರಗಿನಿಂದ ಒರೆಸಿದಳು.

ಬಿಸಿಲು ಏರಿದ ಮೇಲೆ ಹೊರಟರು, ಅವನ ಊರಿಗೆ. ನಿಂಬೆವ್ವನೇ ಅಲ್ಲಿಗೆ ಎಂದಳು. ಗಾಡಿಯಲ್ಲಿ ಮೊಣಕಾಲುದ್ದ ಹುಲ್ಲು ಹಾಕಿಸಿದೆ. ಮೆಲ್ಲಗೆ ಹೊಡಿ ಎಂದು ಗಾಡಿಯವನಿಗೆ ಎಷ್ಟು ಸಲ ಹೇಳಿದೆನೋ, ಕೊನೆಗೆ ಅವನೇ ಸಿಟ್ಟಾದ. ಅಂಗಿಯೊಳಗೆ ಕೂಸಿಟ್ಟುಕೊಂಡು ಭೀಮಶಾ ಎರಡೂ ಕೈ ಮೇಲಿಟ್ಟು ಕೂತಿದ್ದ. ನನ್ನ ಕಡೆ ನೋಡಲೂ ಇಲ್ಲ. ನೋಡಬಾರದು, ಗಮನ ತಪ್ಪುತ್ತದೆ.

ಗಾಡಿ ತಿರುವಿನಲ್ಲಿ ಮರೆಯಾದ ಮೇಲೂ ಅಲ್ಲೇ ನಿಂತಿದ್ದೆನಂತೆ. ಆಪಾ ಬಂದು ಒಳಗೆ ಕರೆದುಕೊಂಡು ಹೋದಳು. ಎಲ್ಲ ಸರಿಯಾಯಿತು. ಆಕೆ ಉಳಿದಳು. ನಾಳೆ ಊರಿಗೆ ಹೋಗಬೇಕು, ಶಾಲೆ ತೆರೆಯಬೇಕು, ಈ ಪುಸ್ತಕದ ಹಿಂದಿನ ಹಾಳೆಗಳನ್ನು ಹರಿದು ತೆಗೆಯಬೇಕು.

ಆಪಾ ಎರಡು ಕಟ್ಟಿಗೆ ಹೆಚ್ಚಾಗಿಯೇ ಹಾಕಿದ್ದಾಳೆ. ಒಲೆ ಚೆನ್ನಾಗಿ ಉರಿಯುತ್ತಿದೆ, ಹೊಗೆ ಒಂದಿಷ್ಟೂ ಇಲ್ಲ. ಅಂಗಿಯ ಗುಂಡಿ ಹಾಕಿಕೊಂಡು, ಮೇಲೆ ಕೌದಿ ಹೊದ್ದು, ಒಲೆಗೆ ಎದೆ ಕೊಟ್ಟು ಕೂತಿದ್ದೇನೆ. ನನಗೆ ಚಳಿ ಬಿಡುತ್ತಿಲ್ಲ.